ಸಂಕವ್ವನ ಹೆಪ್ಪು

ನಾನು ಮೊನಚು ಇನ್‌ಸ್ಪೆಕ್ಟರ್. ಊರಿನಲ್ಲಿ ಎಲ್ಲಿ ಯಾವುದು ಚೂಪಾಗಿದೆಯೋ ಅದನ್ನು ಹುಡುಕಿ, ಉಜ್ಜಿಸಿ, ಉರುಟು ಮಾಡಿಸುವುದು ನನ್ನ ಕೆಲಸ. ಮೇಜಿನ ತುದಿ, ಬಾಗಿಲ ಚಿಲಕ, ಬಚ್ಚಲ ಕಲ್ಲು, ಮೇಕೆಯ ಕೊಂಬು, ಯಾವುದನ್ನೂ ನನ್ನ ಹೆಬ್ಬೆರಳು ಸವರದೆ ಬಿಟ್ಟಿಲ್ಲ. ಬೇರೆ ಊರುಗಳಲ್ಲಿ ಸರ್ಕಾರಿ ನೌಕರರು ಜನರ ರಕ್ತ ಹೀರುತ್ತಾರಂತೆ. ನಮ್ಮಲ್ಲಿ ಅದು ಲಂಚದ ಕೇಸಲ್ಲ, ಕೊಲೆಯ ಕೇಸು. ನಮ್ಮೂರಿನವರ ರಕ್ತ ಒಮ್ಮೆ ಹೊರಟಿತೆಂದರೆ ತಾನಾಗಿ ನಿಲ್ಲುವುದಿಲ್ಲ.

ಆದ್ದರಿಂದ ನಮ್ಮೂರಲ್ಲಿ ಯಾರನ್ನೂ ಮೂಲೆಗುಂಪು ಮಾಡಲು ಬರುವುದಿಲ್ಲ. ಮೂಲೆಗಳನ್ನೆಲ್ಲ ನಾನು ತೆಗೆಸಿಬಿಟ್ಟಿದ್ದೇನೆ, ಉಳಿದಿರುವುದು ಗುಂಪು ಮಾತ್ರ. ಹೊಸ್ತಿಲಿಗೆಲ್ಲ ಅರಳೆಯ ದಿಂಬು ಕಟ್ಟಿರುತ್ತೇವೆ. ಸೊಪ್ಪನ್ನು ಕೈಯಲ್ಲಿ ಚಿವುಟುತ್ತೇವೆ, ಕುಂಬಳಕಾಯಿಯನ್ನು ದಾರದಲ್ಲಿ ಕೊಯ್ಯುತ್ತೇವೆ. ಕತ್ತಿ ಕತ್ತರಿಗಳ ಸುದ್ದಿಯೇ ಇಲ್ಲದ್ದರಿಂದ ಊರಿನ ಗಂಡಸರೆಲ್ಲ ಋಷಿಗಳಂತೆ ಕಾಣುತ್ತಾರೆ, ಬಾಯಿ ತೆರೆಯುವ ತನಕ. ಕಬಡ್ಡಿ ಉಂಟು, ಮುಟ್ಟುವಂತಿಲ್ಲ. ಯಾರು ಉಸಿರು ಬಿಡದೆ ಹೆಚ್ಚು ಹೊತ್ತು ಕಬಡ್ಡಿ ಅಂದರೋ ಅವರು ಗೆದ್ದಂತೆ. ನಡೆಯುವುದು ಮೆಲ್ಲಗೆ, ಕೂರುವುದು ಮೆಲ್ಲಗೆ, ಮಗುವಿನ ಬೆನ್ನು ತಟ್ಟುವುದೂ ಮೆಲ್ಲಗೆ. ಜಗಳ ಮಾತ್ರ ಜೋರು. ಕೈ ಎತ್ತುವಂತಿಲ್ಲವಲ್ಲ, ಇರುವುದೆಲ್ಲ ಬಾಯಿಯಿಂದಲೇ ಆಗಬೇಕು. ನಾಲಿಗೆಯ ಮೊನಚು ನನ್ನ ವ್ಯಾಪ್ತಿಗೆ ಬರುವುದಿಲ್ಲ.

ಇಷ್ಟೆಲ್ಲ ಜಾಗ್ರತೆ ಮಾಡಿದರೂ ಮೈಯೆಂದ ಮೇಲೆ ಗಾಯವಾಗದೆ ಇರುತ್ತದೆಯೆ? ಅದಕ್ಕೇ ಹೆಪ್ಪಿನ ಮನೆ ಇರುವುದು. ಊರಿನ ತುದಿಯ ಆ ಬಿಳಿ ಕಟ್ಟಡದಲ್ಲಿ ಮಾತ್ರ ಗಾಜು ಇಟ್ಟುಕೊಳ್ಳಲು ಅಪ್ಪಣೆ. ಊರಿಗೆಲ್ಲ ಒಂದೇ ಸೂಜಿ, ಅದೂ ಅಲ್ಲೇ, ನನ್ನ ಬೀಗದೊಳಗೆ. ಆ ಸೂಜಿಯಿಂದ ಸೊಂಟದ ಮೂಳೆಯೊಳಗಿನ ಮಜ್ಜೆಯನ್ನು ಎಳೆದು, ಗಾಜಿನ ಬುರುಡೆಗೆ ಹಾಕಿ, ಮೈಯ ಬಿಸಿಯಷ್ಟೇ ಬಿಸಿಯಲ್ಲಿಟ್ಟು, ಗುಲಾಬಿ ಬಣ್ಣದ ಗಂಜಿ ಕುಡಿಸುತ್ತಾರೆ. ಮಜ್ಜೆಯಲ್ಲಿರುವ ಕೆಲವು ಕಣಗಳು ಅದನ್ನು ಕುಡಿದು ಕುಡಿದು ಉಬ್ಬುತ್ತವೆ. ಅವೇ ತಾಯಿಕಣಗಳು. ಉಬ್ಬಿದ ತಾಯಿಕಣ ಮೈಯಿಂದ ಶ್ಯಾವಿಗೆಯಂಥ ಎಳೆಗಳನ್ನು ಬಿಟ್ಟು, ಆಮೇಲೆ ತಾನೇ ಚೂರು ಚೂರಾಗಿ ಒಡೆದುಹೋಗುತ್ತದೆ. ಆ ಚೂರುಗಳಿಗೆ ಓದಿದವರು ಪ್ಲೇಟ್‌ಲೆಟ್ ಅನ್ನುತ್ತಾರೆ. ನಾವು ಹೆಪ್ಪು ಅನ್ನುತ್ತೇವೆ. ಒಂದು ಬಾಟಲಿ ಹೆಪ್ಪು ಗಾಯದ ಬಾಯಿಂದ ಮೈಗೆ ಸೇರಿತೆಂದರೆ ಹರಿಯುವ ರಕ್ತ ಮೊಸರಿನ ಹಾಗೆ ನಿಲ್ಲುತ್ತದೆ. ನಮ್ಮ ಮೈಯೊಳಗೆ ಬಲಿಯದ ತಾಯಿಕಣ ಗಾಜಿನೊಳಗೆ ಬಲಿಯುತ್ತದೆ. ಮನೆಯಲ್ಲಿ ಪುಸ್ತಕ ಮುಟ್ಟದ ಮಕ್ಕಳು ನೆಂಟರ ಮನೆಯಲ್ಲಿ ಓದುವುದಿಲ್ಲವೆ, ಹಾಗೆ.

ಇದರಲ್ಲಿ ಎರಡು ಕಟ್ಟುಪಾಡು ಇವೆ. ಸ್ವಂತ ಮನೆಯ ಹೆಪ್ಪು ಸ್ವಂತ ಮನೆಗೆ ಹತ್ತುವುದಿಲ್ಲ, ಬೇರೆ ಮನೆಯದೇ ಆಗಬೇಕು. ಅದೂ ಎಲ್ಲರದೂ ಎಲ್ಲರಿಗೂ ಹತ್ತುವುದಿಲ್ಲ, ಇಂಥ ಮನೆಗೆ ಇಂಥ ಮನೆಯದು ಎಂದು ಗೊತ್ತಾಗಿದೆ. ಹೀಗಾಗಿ ನಮ್ಮೂರಲ್ಲಿ ರಕ್ತಸಂಬಂಧಿಕರು ಉಪಯೋಗಕ್ಕೆ ಬಾರದವರು, ಪಕ್ಕದ ಮನೆಯವರೇ ಪ್ರಾಣ. ಇನ್ನೊಂದು, ತಾಯಿಕಣ ಒಡೆಯಬೇಕಾದರೆ ಬುರುಡೆಯನ್ನು ತೊಟ್ಟಿಲಲ್ಲಿಟ್ಟು ತೂಗಬೇಕು, ಕೊಟ್ಟ ಮನೆಯವರೇ ತೂಗಬೇಕು. ಬೇರೆ ಕೈ ಬಿದ್ದರೆ ಕಣಗಳೆಲ್ಲ ತಳಕ್ಕೆ ಕೂತು ಕೆಸರಾಗುತ್ತವೆ. ಅವಸರದಲ್ಲಿ ಕೈ ಹಾಕಿ ಹೆಂಡತಿಯನ್ನು ಮಣ್ಣು ಮಾಡಿದವನೊಬ್ಬ ನಮ್ಮ ಹಿಂದಿನ ಬೀದಿಯಲ್ಲೇ ಇದ್ದಾನೆ. ಈಗಲೂ ಎರಡೂ ಕೈಯನ್ನು ಬಗಲಿಗೆ ಸೇರಿಸಿಕೊಂಡೇ ಓಡಾಡುತ್ತಾನೆ.

ನಮ್ಮ ಮನೆಗೆ ಹತ್ತುತ್ತಿದ್ದದ್ದು ಎದುರುಮನೆ ಸಂಕವ್ವನ ಹೆಪ್ಪು. ಸಂಕವ್ವನ ಮೈಯಲ್ಲಿ ಹರಿತವಾಗಿ ಉಳಿದದ್ದು ನಾಲಿಗೆಯೊಂದೇ, ಆದರೆ ಒಂದು ಊರಿಗೆ ಸಾಕಾಗುವಷ್ಟು ಉಳಿದಿತ್ತು. ಬೆಳಿಗ್ಗೆ ಎದ್ದು ಜಗಲಿಯ ಮೇಲೆ ಕೂತು ಓಣಿಯವರನ್ನೆಲ್ಲ ಹೆಸರು ಹಿಡಿದು ಬೈದ ಮೇಲೆಯೇ ಅವಳ ಕಾಫಿ. ನನ್ನ ಹೆಂಡತಿ ಮಗಳು ನೀಲುವನ್ನು ಹೆತ್ತ ದಿನ ಸಂಕವ್ವನ ಹೆಪ್ಪು ಸಿದ್ಧವಿತ್ತು. ತರುವವನು ಎಡವಿದರೆ ಗತಿಯೇನೆಂದು ಮೆಲ್ಲ ಮೆಲ್ಲಗೆ ನಡೆದು ಬಂದ. ಬಾಟಲಿಗೆ ಏನೂ ಆಗಿರಲಿಲ್ಲ. ಹೆಂಡತಿ ಅಷ್ಟರಲ್ಲಿ ಖಾಲಿಯಾಗಿದ್ದಳು. ನೀಲುವನ್ನು ಎತ್ತಿಕೊಂಡು ಹೋಗಿ ಸಾಕಿದವಳು ಸಂಕವ್ವ. ಆ ನೀಲು ಈಗ ತುಂಬು ಬಸುರಿಯಾಗಿ ನನ್ನ ಮನೆಗೆ ಬಂದಿದ್ದಳು. ಅಳಿಯ ಉಪ್ಪಿನ ಗಾಡಿ ಹೊಡೆಯುವವನು, ದೂರದ ದಾರಿಯಲ್ಲಿದ್ದ.

ಹೆರಿಗೆಗೆ ಹೆಪ್ಪು ಕೂಡಿಸಬೇಕೆಂದು ಸಂಕವ್ವನನ್ನು ಹೆಪ್ಪಿನ ಮನೆಗೆ ಕರೆದುಕೊಂಡು ಹೋದೆ. ಅಲ್ಲಿ ಬುರುಡೆಗಳನ್ನು ನೋಡಿಕೊಳ್ಳುವವಳು ಪದ್ದಕ್ಕ. ಸಂಕವ್ವ ಮೇಜಿನ ಮೇಲೆ ಬೋರಲು ಮಲಗಿ, ಕುತ್ತಿಗೆಯನ್ನಷ್ಟೇ ನನ್ನ ಕಡೆ ತಿರುಗಿಸಿದಳು.

“ಏನೋ ಮೂಲೆ ಕೆಂಚ, ಇನ್ನೂ ಎಷ್ಟು ತೂತು ಮಾಡಿಸ್ತೀಯೋ ಈ ಸೊಂಟಕ್ಕೆ? ಜರಡಿ ಆಗೋಗೈತೆ. ನಾಳೆಯಿಂದ ಹಿಟ್ಟು ಜರಡಿ ಆಡಾಕೆ ನನ್ನೇ ಎತ್ಕಂಡು ಹೋಗು.”

“ನೀಲು ಹೆರಿಗೆ ಅಲ್ವಾ ಸಂಕವ್ವ.”

“ನೀಲು ಹೆರಿಗೆ ಅಂತ ನನಗೇ ಹೇಳಾಕೆ ಬಂದ್ಯಾ? ಸಾಕ್ದೋಳು ನಾನು. ನೀನು ಆವಾಗ ಯಾರ್ದೋ ಮನೆ ಮೇಜು ಉಜ್ತಾ ಇದ್ದೆ. ಪದ್ದೀ, ನೀನು ಚುಚ್ಚೇ. ಇವನ ಮುಖ ನೋಡ್ತಾ ಇದ್ರೆ ಸೂಜೀನೇ ವಾಸಿ ಅನ್ನಿಸ್ತೈತೆ.”

ಸಂಕವ್ವನ ಮಗ ಗುರುಬಸ್ಸು ಬಾಗಿಲಲ್ಲೇ ನಿಂತು ಕಣ್ಣು ಮುಚ್ಚಿಕೊಂಡಿದ್ದ. ಅರಳೆ ಹಿಂಜಿ ಹೊಸ್ತಿಲ ದಿಂಬು ಹೊಲಿಯುವುದು ಅವನ ಕಸುಬು. ಹೊಲಿಯುವುದೂ ಸೂಜಿಯಿಂದಲ್ಲ, ಮೊಂಡು ಬಿದಿರುಕಡ್ಡಿಯಿಂದ. ಮದುವೆಯಾಗಿರಲಿಲ್ಲ. ತೂಕದ ಆಳು, ಕೈಗಳು ಮಾತ್ರ ಅರಳೆಯೇ. ಅವನು ಎಳೆಯವನಿದ್ದಾಗ ಅವನಪ್ಪ ಸಂತೆಯಲ್ಲಿ ಗಾಜಿನ ಚೂರು ತುಳಿದು, ಮನೆಗೆ ಬಂದು ಸತ್ತಿದ್ದ. ಹೊರಗಿನಿಂದ ಬಂದ ಅತ್ತರಿನವನೊಬ್ಬ ಬಾಟಲಿ ಬೀಳಿಸಿಕೊಂಡಿದ್ದ. ಕಾಲಿನಿಂದ ಆ ಚೂರನ್ನು ತೆಗೆದವನು ನಾನೇ, ಅದನ್ನು ಬೇರೆ ಯಾರೂ ನೋಡಲಿಲ್ಲ. ಅಂದಿನಿಂದ ಗುರುಬಸ್ಸು ನೆಲಕ್ಕೂ ನೋವಾಗದ ಹಾಗೆ ನಡೆಯುತ್ತಾನೆ.

ಬುರುಡೆ ತೊಟ್ಟಿಲು ಸೇರಿತು. ಸಂಕವ್ವ ದಿನಾ ಹೋಗಿ ತೂಗಿ ಬರುತ್ತಿದ್ದಳು. ತೂಗುವುದೆಂದರೆ ಅವಳು ಮೊರದಲ್ಲಿ ಜೋಳ ಕೇರಿದ ಹಾಗೆ, ದಡಬಡ ಕುಲುಕುವುದು. “ತಿಂದು ತಿಂದು ಕೊಬ್ಬೀರಾ, ಒಡೀರೇ ಮುಂಡೇರಾ!” ಎಂದು ಬುರುಡೆಯನ್ನೂ ಬಿಡದೆ ಬೈಯುತ್ತಿದ್ದಳು. ಕಣ ಇನ್ನೂ ಎಳೆಯವು, ಬಲಿಯಲಿ, ಆಗ ತೂಗುವೆಯಂತೆ ಎಂದು ಪದ್ದಕ್ಕ ನಗುತ್ತಿದ್ದಳು.

ಅವು ಬಲಿಯುವ ಮೊದಲೇ ಒಂದು ಬೆಳಿಗ್ಗೆ ಗುರುಬಸ್ಸು ನಮ್ಮ ಮನೆಗೆ ಬಂದ. ಹೊಸ್ತಿಲ ಆಚೆಯೇ ನಿಂತು, “ಕೆಂಚಣ್ಣ, ಅವ್ವ ಬೈತಾ ಇಲ್ಲ” ಎಂದ.

ಹೋಗಿ ನೋಡಿದೆ. ಜಗಲಿಯ ಮೇಲೆ ಗೋಡೆಗೆ ಒರಗಿ ಕೂತಿದ್ದಳು, ಲೋಟ ಕೈಯಲ್ಲೇ ಇತ್ತು. ಒಂದು ಹನಿ ರಕ್ತವಿಲ್ಲ. ನಮ್ಮೂರಲ್ಲಿ ಹಾಗೆ ಸಾಯುವುದು ಬಿರುದು ಸಿಕ್ಕಿದ ಹಾಗೆ. ನನಗೆ ಅಳು ಬರಲಿಲ್ಲ, ಮಗಳ ಹೊಟ್ಟೆ ಕಣ್ಣ ಮುಂದೆ ಬಂತು. ಯಾಕೆಂದರೆ ನಮ್ಮಲ್ಲಿ ಹೆಪ್ಪು ಕೊಟ್ಟವರು ಸತ್ತರೆ ಅವರ ಬುರುಡೆಯೂ ಅವರ ಜೊತೆ ಮಣ್ಣಿಗೆ ಹೋಗಬೇಕು. ಜೀವದ ಒಂದು ಪಾಲು ಗಾಜಿನಲ್ಲಿ ಉಸಿರಾಡುತ್ತಿರುವಾಗ ಮೈಗೆ ಮಣ್ಣು ಕೊಟ್ಟರೆ ಅದು ಅರ್ಧ ಮಣ್ಣು ಅನ್ನುತ್ತಾರೆ. ಸಾವು ಸಾರುವ ತಳವಾರ ಡೋಲು ಬಡಿದನೆಂದರೆ ಮುಗಿಯಿತು, ಸಂಜೆಯೊಳಗೆ ಬುರುಡೆ ಗುಂಡಿಯಲ್ಲಿರುತ್ತದೆ. ಗುರುಬಸ್ಸುವಿನ ಮಜ್ಜೆ ತೆಗೆದು ಹೊಸದಾಗಿ ಬೆಳೆಸೋಣವೆಂದರೆ ಬಲಿಯಲು ಎರಡು ವಾರ ಬೇಕು. ನೀಲುಗೆ ಅಷ್ಟು ದಿನ ಇರಲಿಲ್ಲ.

ನಾನು ಬಾಯಿಬಿಟ್ಟು ಕೇಳಲಿಲ್ಲ. ಗುರುಬಸ್ಸುವೇ ತಾಯಿಯ ಕೈಯಿಂದ ಲೋಟ ಬಿಡಿಸಿ ಕೆಳಗಿಟ್ಟು, “ಅವ್ವ ಇದ್ದಿದ್ರೆ ಏನಂತಿದ್ಲು?” ಎಂದ.

“ಬೈತಿದ್ಲು.”

“ಬೈದು?”

“ಕೊಡ್ತಿದ್ಲು.”

ಅವನು ತಲೆಯಾಡಿಸಿದ. ಇಬ್ಬರೂ ಸೇರಿ ಅವಳನ್ನು ಗಾದಿಯೊಂದರಲ್ಲಿ ಸುತ್ತಿ ಅವನ ಅರಳೆಗಾಡಿಯ ಮೇಲಿಟ್ಟೆವು. ಹೆಪ್ಪಿನ ಬಾಟಲಿಗಳನ್ನಿಡುವ ತಣ್ಣನೆಯ ಕೋಣೆಯಲ್ಲಿ ಒಂದಷ್ಟು ದಿನ ಕೂರಿಸಿದರಾಯಿತು ಎಂಬ ಲೆಕ್ಕ. ಗಾಡಿ ಓಣಿ ದಾಟುವಾಗ ಪಕ್ಕದ ಮನೆ ತಿಪ್ಪಮ್ಮ ಅಡ್ಡ ಬಂದಳು.

“ಏನ್ ಗುರುಬಸ್ಸು, ಇಷ್ಟು ದೊಡ್ಡ ಗಾದಿ ಯಾರಿಗೆ?”

“ಹೆಪ್ಪಿನ ಮನೆಗೆ ತಿಪ್ಪಕ್ಕ.”

ತಿಪ್ಪಮ್ಮ ಗಾದಿಯ ಕೊನೆಯನ್ನೇ ನೋಡಿದಳು. “ಗಾದಿಗೆ ಕಾಲುಬೆರಳು ಬಂದೈತಲ್ಲೋ,” ಎಂದು ತನ್ನ ಸೆರಗಿನ ತುದಿಯಿಂದ ಅವನ್ನು ಒಳಗೆ ಸೇರಿಸಿ, ಗಾದಿಯ ಅಂಚು ಮಡಚಿದಳು. ಮಡಚುವಾಗ ಆ ಪಾದವನ್ನು ಒಮ್ಮೆ ಒತ್ತಿ ಹಿಡಿದಳು. ಆಮೇಲೆ, “ಹೋಗ್ರಪ್ಪ, ಬಿಸಿಲು ಏರ್ತೈತೆ” ಎಂದಳು.

ಮಧ್ಯಾಹ್ನದ ಹೊತ್ತಿಗೆ ಓಣಿಗೆಲ್ಲ ಗೊತ್ತಾಗಿತ್ತು. ಗೊತ್ತಿಲ್ಲದವರಂತೆ ಇರಬೇಕೆಂಬುದೂ ಎಲ್ಲರಿಗೂ ಗೊತ್ತಾಗಿತ್ತು. ಸಂಕವ್ವನ ಮನೆ ಬಾಗಿಲಿಗೆ ಹಾಲು ಬಂತು. ಹೋಗಿಬರುವವರೆಲ್ಲ ಒಳಗೆ ಕೇಳುವಂತೆ “ಊಟ ಆಯ್ತಾ ಸಂಕವ್ವಾ?” ಎಂದು ಕೂಗಿ, ತಾವೇ “ಆಯ್ತಂತೆ” ಎಂದುಕೊಂಡು ಮುಂದೆ ಹೋದರು. ತೊಂದರೆಯಾದದ್ದು ಮಾರನೆಯ ಬೆಳಿಗ್ಗೆ. ಬೈಗುಳವಿಲ್ಲದೆ ಓಣಿಗೆ ಬೆಳಗೇ ಆಗಲಿಲ್ಲ. ಆ ನಿಶ್ಶಬ್ದವನ್ನು ಯಾರಾದರೂ ಆಚೆ ಬೀದಿಯವರು ಕೇಳಿಸಿಕೊಂಡರೆ ಡೋಲಿನ ಅಗತ್ಯವೇ ಇರಲಿಲ್ಲ. ಅದಕ್ಕೆ ತಿಪ್ಪಮ್ಮ ಒಳಗೆ ಹೋಗಿ ಬಾಗಿಲ ಹಿಂದೆ ನಿಂತು, ಗಂಟಲು ಒರಟು ಮಾಡಿಕೊಂಡು ಶುರುಮಾಡಿದಳು. ಮೊದಲು ನನ್ನನ್ನು ಬೈದಳು, ಆಮೇಲೆ ತನ್ನ ಗಂಡನನ್ನು, ಅಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಂತಳು. ಮೂರನೆಯ ಮನೆಯ ಸೊಸೆ ತನ್ನ ಪಾಳಿ ಬಂದಾಗ ಅತ್ತೆಯ ಮೇಲೆ ಅಷ್ಟು ವರ್ಷದ್ದನ್ನೆಲ್ಲ ಸಂಕವ್ವನ ಹೆಸರಿನಲ್ಲಿ ತೀರಿಸಿಕೊಂಡಳು. ಅತ್ತೆ ತನ್ನ ಪಾಳಿಗಾಗಿ ಹಲ್ಲು ಕಚ್ಚಿ ಕಾದಳು.

ತಳವಾರ ಒಂದು ದಿನ ಡೋಲು ಹೆಗಲಿಗೆ ಹಾಕಿಕೊಂಡು ಓಣಿಯಲ್ಲಿ ಸುಮ್ಮನೆ ಸುಳಿದ. ಏನೋ ವಾಸನೆ ಹತ್ತಿರಬೇಕು. ಜಗಲಿಯ ಮುಂದೆ ನಿಂತು ಒಳಗಿನ ಬೈಗುಳವನ್ನು ಕಿವಿಗೊಟ್ಟು ಕೇಳಿದ. “ಸಂಕವ್ವನ ಬಾಯಾಗೆ ಮೊದಲಿನ ಖಾರ ಇಲ್ಲ. ವಯಸ್ಸಾತು ನೋಡು” ಎಂದು ನನಗೆ ಹೇಳಿ ಹೋದ. ಅವನು ತಿರುಗಿದ ಮೇಲೆ ಬಾಗಿಲ ಹಿಂದಿನಿಂದ ಬೈಗುಳ ನಿಂತು ಬಿಕ್ಕಿ ಅಳುವುದು ಕೇಳಿಸಿತು.

ಈ ಕಡೆ ಹೆಪ್ಪಿನ ಮನೆಯಲ್ಲಿ ಕಣಗಳು ಬಲಿತವು. ಪದ್ದಕ್ಕ ನನ್ನನ್ನು ಕರೆದು ಮಸೂರದ ಕೊಳವೆಯಲ್ಲಿ ತೋರಿಸಿದಳು. ತಾಯಿಕಣಗಳು ತೇಲುತ್ತಿದ್ದವು, ತಟ್ಟೆಗಾತ್ರ ಕಾಣುತ್ತಿದ್ದವು, ಒಂದೊಂದರ ಒಳಗೂ ಗೆಣಸಿನ ಗೊಂಚಲಿನಂಥ ಮುದ್ದೆ. “ಈಗ ಒಡೀಬೇಕು. ಒಡೀತಾ ಇಲ್ಲ. ಒಂದೇ ಒಂದು ಎಳೆ ಬಿಟ್ಟಿಲ್ಲ. ಅಲ್ಲಿ ನೋಡು, ತೂಗೋ ಚೆಂದ” ಎಂದಳು.

ಗುರುಬಸ್ಸು ತೊಟ್ಟಿಲ ಪಕ್ಕ ಕೂತಿದ್ದ. ಒಂದು ಬೆರಳು ಹಗ್ಗದ ಮೇಲಿತ್ತು. ತೊಟ್ಟಿಲು ಅಲುಗುತ್ತಿದೆಯೋ ಇಲ್ಲವೋ ತಿಳಿಯಬೇಕಾದರೆ ಬುರುಡೆಯೊಳಗಿನ ನೀರನ್ನು ನೋಡಬೇಕಿತ್ತು. ಜೋರಾಗಿ ತೂಗಬೇಕು, ಸಂಕವ್ವನ ಹಾಗೆ ಕುಲುಕಬೇಕು, ಆ ರಭಸಕ್ಕೇ ಕಣ ಎಳೆ ಬಿಟ್ಟು ಒಡೆಯುವುದು ಎಂದು ಪದ್ದಕ್ಕ ಅದೆಷ್ಟನೆಯ ಸಲವೋ ಹೇಳಿದಳು. ಅವನು ಹೂಂ ಎಂದ. ಬೆರಳು ಒಂದಿದ್ದದ್ದು ಎರಡಾಯಿತು.

ನಾನು ಅವನನ್ನು ಮಾತ್ರ ದೂರುವಂತಿಲ್ಲ. ಊರಿಗೆ ಊರೇ ಹಾಗೆ. ಹುಟ್ಟಿದಂದಿನಿಂದ ಮೆಲ್ಲಗೆ, ಮೆಲ್ಲಗೆ ಎಂದು ಹೇಳಿಸಿಕೊಂಡ ಕೈಗಳು. ಆ ಮೆಲ್ಲಗೆಯನ್ನು ಮನೆ ಮನೆಗೆ ಹೋಗಿ ಕಲಿಸಿದವನು ನಾನು, ಅದಕ್ಕೇ ಸಂಬಳ ತಿಂದವನು. ಸಂಕವ್ವ ಒಬ್ಬಳು ಕಲಿಯದೆ ಉಳಿದಿದ್ದಳು.

“ಬಸ್ಸು, ಸ್ವಲ್ಪ ಜೋರಾಗಿ ಮಾಡಪ್ಪ. ನೀಲುಗೆ ಇವತ್ತೋ ನಾಳೆಯೋ” ಎಂದೆ.

ಅವನು ಬುರುಡೆಯನ್ನೇ ನೋಡುತ್ತ, “ಹೆಂಗೆ ಕುಲುಕ್ಲಿ ಕೆಂಚಣ್ಣ? ಇದರೊಳಗೆ ಅವ್ವ ಇದಾಳೆ” ಎಂದ. “ಆ ತಣ್ಣನೆ ಕೋಣೆಯಾಗೆ ಇರೋದು ಅವ್ವ ಅಲ್ಲ, ಮುಟ್ಟಿ ನೋಡ್ದೆ. ಇದು ಬೆಚ್ಚಗೈತೆ. ಗಂಜಿ ಕುಡೀತೈತೆ. ಇವು ಒಡೆದ್ರೆ ಅವ್ವ ಮುಗಿದ್ಲು.”

“ಒಡೆದ್ರೆ ನೀಲು ಮೈಯಾಗೆ ಇರ್ತಾಳಲ್ಲೋ.”

“ಎಷ್ಟು ದಿನ? ಹೆಪ್ಪಿನ ಆಯಸ್ಸು ಒಂದು ವಾರ, ಅದರ ಮೇಲೆ ಒಂದೆರಡು ದಿನ. ಹಿಂಗೇ ಬಿಟ್ರೆ ಎಷ್ಟು ವರ್ಷ ಇರ್ತಾಳೋ.”

“ಇರಾಕಿಲ್ಲ ಬಸ್ಸು,” ಎಂದಳು ಪದ್ದಕ್ಕ. “ಒಡೀದೆ ಇದ್ರೂ ಹಾಳಾಗ್ತವೆ. ನಾನು ನೋಡಿಲ್ವಾ?”

“ನೀನು ಬೇರೆಯೋರ್ದು ನೋಡಿದ್ದೀಯ ಅಕ್ಕ. ಅವ್ವಂದು ನೋಡಿಲ್ಲ.”

ಮಾರನೆಯ ದಿನ ಬೆಳಿಗ್ಗೆಯೇ ನೀಲುಗೆ ನೋವು ಬಂತು. ಸೂಲಗಿತ್ತಿಯನ್ನೂ ತಿಪ್ಪಮ್ಮನನ್ನೂ ಅವಳ ಹತ್ತಿರ ಬಿಟ್ಟು ನಾನು ಹೆಪ್ಪಿನ ಮನೆಗೆ ಬಂದೆ. ನೀಲು ನನ್ನ ಅಂಗಿಯ ತುದಿ ಹಿಡಿದು, “ಅಪ್ಪ, ಸಂಕವ್ವ ಯಾಕೆ ಬರ್ಲಿಲ್ಲ?” ಎಂದು ಕೇಳಿದ್ದಳು. ಅವಳೊಬ್ಬಳಿಗೆ ನಾವು ಹೇಳಿರಲಿಲ್ಲ. ಹೆಪ್ಪು ತೂಗಾಕೆ ಹೋಗಿದಾಳೆ ಎಂದೆ.

ತೊಟ್ಟಿಲು ಅದೇ ಬೆರಳಿನ ಮೇಲೆ ಹೋಗುತ್ತ ಬರುತ್ತ ಇತ್ತು. ಬೇಡಿಕೊಂಡೆ. ಕಾಲು ಹಿಡಿದೆ. ಗುರುಬಸ್ಸುವಿನ ಗಡ್ಡದ ತುಂಬ ಕಣ್ಣೀರು. ತೂಗುತ್ತೀನಿ, ತೂಗುತ್ತೀನಿ ಎನ್ನುತ್ತಾನೆ, ಕೈಗೆ ಬಲ ಹಾಕುತ್ತಾನೆ, ಬುರುಡೆ ಸ್ವಲ್ಪ ಅಲುಗಿದೊಡನೆ ತಾನೇ ಬೆಚ್ಚಿ ಇನ್ನೊಂದು ಕೈಯಿಂದ ತಡೆಯುತ್ತಾನೆ. ನನ್ನ ಕೈಗಳು ತಾವಾಗಿ ತೊಟ್ಟಿಲ ಕಡೆ ಹೋದವು. ಪದ್ದಕ್ಕ ನನ್ನ ತೋಳು ಹಿಡಿದು, “ಮುಟ್ಟಿದ್ರೆ ಕೆಸರು” ಎಂದಳು. ಕೈಗಳನ್ನು ಬಗಲಿಗೆ ಸೇರಿಸಿಕೊಂಡೆ.

ಆಗ ತಿಪ್ಪಮ್ಮ ಓಡಿ ಬಂದಳು. ನಮ್ಮೂರಲ್ಲಿ ಓಡುವವರಿಲ್ಲ. ದಾರಿಯಲ್ಲಿದ್ದವರೆಲ್ಲ ಗೋಡೆಗೆ ಅಂಟಿಕೊಂಡು ನಿಂತಿದ್ದರಂತೆ. “ಮಗು ಬಂತು ಕೆಂಚಣ್ಣ. ಹೆಣ್ಣು. ರಕ್ತ ನಿಲ್ತಿಲ್ಲ. ಬಟ್ಟೆ ಮೇಲೆ ಬಟ್ಟೆ ಇಡ್ತಾ ಇದೀವಿ, ನೆನೆದು ಹೋಗ್ತಾ ಇದಾವೆ. ಎಲ್ಲಿ ಹೆಪ್ಪು?”

ನಾನು ಗುರುಬಸ್ಸುವಿನ ಎದುರು ಹೋಗಿ ಕೂತೆ. ಏನು ಹೇಳಬೇಕೆಂದು ಯೋಚಿಸಿದ್ದೆ ಎಂದರೆ ಸುಳ್ಳಾಗುತ್ತದೆ. ಬಾಯಿ ತೆರೆದೆ, ಅದು ಅಲ್ಲೇ ಇತ್ತು.

“ನಿಮ್ಮಪ್ಪ ಸತ್ತಿದ್ದು ಗಾಜು ತುಳಿದಲ್ಲ ಕಣೋ.”

ಅವನು ತಲೆಯೆತ್ತಿದ.

“ನಿಮ್ಮವ್ವ ಮಂಚದ ಕೆಳಗೆ ಈಳಿಗೆ ಇಟ್ಕಂಡಿದ್ಲು. ಊರಿಗೆಲ್ಲ ಇಲ್ಲದ ಈಳಿಗೆ. ಸೊಪ್ಪು ಚಿವುಟಿ ಚಿವುಟಿ ಬೇಜಾರಾಗಿ, ಸಣ್ಣಗೆ ಹೆಚ್ಚಬೇಕು ಅನ್ನೋ ಚಪಲ. ನಿಮ್ಮಪ್ಪ ಕಾಲು ಇಳಿಬಿಟ್ಟ, ತಗುಲ್ತು. ನಾನೇ ಕಂಡೆ. ನಾನೇ ಬಾವಿಗೆ ಎಸೆದೆ. ಗಾಜು ಅಂತ ಹೇಳು ಕೆಂಚ, ಮಗ ಗೊತ್ತು ಮಾಡ್ಕಂಡ್ರೆ ನನ್ನ ಮುಖ ನೋಡಲ್ಲ ಅಂತ ಅತ್ಲು. ಸೊಪ್ಪಿನ ಸಾರಿಗೆ ಗಂಡನ್ನ ತಿಂದೋಳು ಅವಳು. ಅದನ್ನ ಇಟ್ಕಂಡು ತೊಟ್ಟಿಲು ತೂಗ್ತಾ ಕೂತಿದೀಯಲ್ಲೋ!”

ಒಂದಕ್ಷರವೂ ನಿಜವಲ್ಲ. ಚೂರು ತೆಗೆದವನು ನಾನೇ ಎಂದು ಆಗಲೇ ಹೇಳಿದ್ದೇನೆ, ಅದರಲ್ಲಿ ಇನ್ನೂ ಅತ್ತರಿನ ವಾಸನೆಯಿತ್ತು. ಆದರೆ ಮೊನಚಿನ ವಿಷಯದಲ್ಲಿ ನನ್ನ ಮಾತನ್ನು ಈ ಊರಲ್ಲಿ ಯಾರೂ ಅನುಮಾನಿಸುವುದಿಲ್ಲ. ಇನ್‌ಸ್ಪೆಕ್ಟರು ಈಳಿಗೆ ಇತ್ತು ಅಂದರೆ ಇತ್ತು.

ಗುರುಬಸ್ಸು ಎದ್ದ. ಅವನು ನನ್ನನ್ನು ಹೊಡೆಯುತ್ತಾನೆ ಎಂದುಕೊಂಡೆ. ಹೊಡೆದಿದ್ದರೆ ನಾನೂ ಅಲ್ಲೇ ಹರಿದು ಹೋಗುತ್ತಿದ್ದೆ. ಅವನ ಕೈಗೆ ಹೊಡೆಯುವುದು ಗೊತ್ತಿರಲಿಲ್ಲ. ಅದು ಗಾಳಿಯಲ್ಲಿ ತಡಕಾಡಿ, ಹತ್ತಿರ ಸಿಕ್ಕಿದ್ದನ್ನು ಹಿಡಿಯಿತು. ಸಿಕ್ಕಿದ್ದು ತೊಟ್ಟಿಲ ಹಗ್ಗ. “ಅವ್ವಾ!” ಎಂದು ಕೂಗಿ ಎಳೆದ. “ಹೇಳೇ ಅವ್ವಾ! ಇತ್ತಾ? ಇತ್ತಾ?” ಎಂದು ಎಳೆದ, ನೂಕಿದ, ಮತ್ತೆ ಎಳೆದ. ತೊಟ್ಟಿಲು ಗೋಡೆಗೆ ಬಡಿಯಿತು. ಬುರುಡೆಯೊಳಗಿನ ಗುಲಾಬಿ ನೀರು ಕುದಿಯುವ ಸಾರಿನಂತೆ ಉಕ್ಕಿತು. ಪದ್ದಕ್ಕ ಒಂದು ಹನಿ ತೆಗೆದು ಕೊಳವೆಗೆ ಕಣ್ಣಿಟ್ಟಳು. “ಎಳೆ ಬಿಟ್ವು,” ಎಂದಳು. ಸ್ವಲ್ಪ ತಡೆದು, “ಒಡೀತಾ ಇದಾವೆ. ನಿಲ್ಲಿಸ್ಬೇಡ ಬಸ್ಸು” ಎಂದಳು. ಅವನಿಗೆ ಅದು ಕೇಳಿಸಿತೋ ಇಲ್ಲವೋ. ಇತ್ತಾ, ಇತ್ತಾ ಎಂದು ಕೇಳುತ್ತಲೇ ಇದ್ದ.

ಸೋಸಿ ತುಂಬಿದ ಬಾಟಲಿಯನ್ನು ತಿಪ್ಪಮ್ಮ ಸೆರಗಿನಲ್ಲಿ ಕಟ್ಟಿಕೊಂಡು ಮತ್ತೆ ಓಡಿದಳು. ನಾನು ಅವಳ ಹಿಂದೆ ಓಡಲು ನೋಡಿದೆ, ನನಗೆ ಬರಲಿಲ್ಲ.

ನೀಲು ಉಳಿದಳು. ಬತ್ತಿಯ ಅರಳೆಯಂತೆ ಬೆಳ್ಳಗಾಗಿದ್ದಳು, ತುಟಿ ಎಲ್ಲಿ ಮುಗಿದು ಕೆನ್ನೆ ಎಲ್ಲಿ ಶುರುವೋ ತಿಳಿಯುತ್ತಿರಲಿಲ್ಲ. ಇನ್ನೊಂದು ಹೆರಿಗೆ ಈ ಮೈಗೆ ಆಗದು ಎಂದಳು ಸೂಲಗಿತ್ತಿ. ಮಗು ಮಾತ್ರ ಓಣಿಗೆಲ್ಲ ಕೇಳುವ ಹಾಗೆ ಅರಚುತ್ತಿತ್ತು.

ಅಂದು ಸಂಜೆಯೇ ಡೋಲು ಬಡಿಸಿದೆವು. ಊರಿಗೆ ಸಂಕವ್ವ ಅಂದು ಸತ್ತಳು. ತಳವಾರ ಅವಳ ಮುಖ ನೋಡಿ, ನನ್ನ ಮುಖ ನೋಡಿ, ಡೋಲು ಎತ್ತಿಕೊಂಡ. ಗುಂಡಿಯ ಹತ್ತಿರ ಓಣಿಯವರೆಲ್ಲ ಸೇರಿದ್ದರು. ಅವಳನ್ನು ಇಳಿಸಿ, ಪಕ್ಕದಲ್ಲಿ ಖಾಲಿ ಬುರುಡೆಯನ್ನು ಇಟ್ಟ ಗುರುಬಸ್ಸು ಎದ್ದು ನನ್ನ ಹತ್ತಿರ ಬಂದ.

ಅವನು ಬಾಯಿ ಬಿಡುವ ಮೊದಲೇ ನಾನು ಹೇಳಿದೆ. “ಸುಳ್ಳು ಬಸ್ಸು. ಈಳಿಗೆ ಇರ್ಲಿಲ್ಲ. ಗಾಜೇ. ನಿನ್ನ ಕೈ ಏಳ್ಲಿ ಅಂತ ಹೇಳ್ದೆ.”

“ನಿಜ ಹೇಳು.”

“ನಿಜವಾಗ್ಲೂ ಸುಳ್ಳು. ನೀಲು ಆಣೆ.”

“ನೀಲು ಉಳೀಲಿ ಅಂತ ಆವಾಗ ಒಂದು ಹೇಳ್ದೆ. ನೀಲು ಉಳಿದ ಮೇಲೆ ಈಗ ಒಂದು ಹೇಳ್ತೀಯ.” ಸಿಟ್ಟೇನೂ ಇರಲಿಲ್ಲ ಅವನ ದನಿಯಲ್ಲಿ. ಲೆಕ್ಕ ಬಿಡಿಸಲಾಗದ ಹುಡುಗನ ದನಿ. “ಯಾವುದು ಸುಳ್ಳು ಅಂತ ಹೆಂಗೆ ತಿಳೀಲಿ ಕೆಂಚಣ್ಣ? ಅವ್ವನ್ನ ಕೇಳಾಣ ಅಂದ್ರೆ...”

ಎಲ್ಲರೂ ಗುಂಡಿಯ ಕಡೆ ನೋಡಿದರು. ಅಷ್ಟು ದಿನ ಬಾಗಿಲ ಹಿಂದೆ ನಿಂತು ಸಂಕವ್ವನಾಗಿ ಕೂಗಿದ ಹೆಂಗಸರೆಲ್ಲ ಅಲ್ಲಿದ್ದರು. ಗುರುಬಸ್ಸು ಮರದ ಗುದ್ದಲಿ ತೆಗೆದುಕೊಂಡು ಮಣ್ಣು ಎಳೆಯತೊಡಗಿದ. ಅವನ ಎಂದಿನ ಕೈಯಾಗಿರಲಿಲ್ಲ ಅದು. ಮಣ್ಣು ದಪ್ಪ ದಪ್ಪ ಬೀಳುತ್ತಿತ್ತು.

ಈಗ ನಮ್ಮ ಮನೆಗೆ ಹತ್ತುವುದು ಗುರುಬಸ್ಸುವಿನ ಹೆಪ್ಪು. ಮೊಮ್ಮಗಳು ನಡೆಯಲು ಕಲಿತಿದ್ದಾಳೆ, ಉರುಟು ಮಾಡಿದ ಊರಿನಲ್ಲೂ ಎಲ್ಲಿಂದಲೋ ಒಂದು ಗೀರು ತಂದುಕೊಳ್ಳುತ್ತಾಳೆ. ಹೇಳಿ ಕಳಿಸಿದರೆ ಅವನು ಬರುತ್ತಾನೆ, ಒಮ್ಮೆಯೂ ಇಲ್ಲವೆಂದಿಲ್ಲ. ತೊಟ್ಟಿಲನ್ನು ಗೋಡೆಗೆ ಬಡಿಯುವ ಹಾಗೆ ತೂಗುತ್ತಾನೆ, ಅವನ ಕಣ ಬೇಗ ಒಡೆಯುತ್ತವೆ ಎಂದು ಪದ್ದಕ್ಕ ಹೇಳುತ್ತಾಳೆ. ಹೊಸ್ತಿಲ ದಿಂಬು ಹೊಲಿಯುವುದನ್ನು ಬಿಟ್ಟಿದ್ದಾನೆ. ಹೋದ ವಾರವೂ ಬಂದಿದ್ದ. ನಾನು ಬೀಗ ತೆಗೆದು ಪದ್ದಕ್ಕನ ಕೈಗೆ ಸೂಜಿ ಕೊಟ್ಟೆ. ಅವನು ಮೇಜಿನ ಮೇಲೆ ಬೋರಲು ಮಲಗಿ, ಕುತ್ತಿಗೆಯನ್ನಷ್ಟೇ ನನ್ನ ಕಡೆ ತಿರುಗಿಸಿ, ಬಂದಾಗಲೆಲ್ಲ ಕೇಳುವುದನ್ನು ಕೇಳಿದ.

“ಈಳಿಗೆ ಇತ್ತಾ?”

“ಇರ್ಲಿಲ್ಲ ಬಸ್ಸು.”

ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದ. ಆಮೇಲೆ ಗೋಡೆಯ ಕಡೆ ತಿರುಗಿಕೊಂಡು, “ಚುಚ್ಚು ಅಕ್ಕ” ಎಂದ.